ಸಾಫ್ಟಾ ಮುಗಿದ ಕಥೆಯೇ? ಬಂದರು, ಮಾರುಕಟ್ಟೆಗಳಲ್ಲಿರುವ ಮುಂಬಯಿ ಕನ್ನಡಿಗರು ಹೇಳಿ

ಉರಣ್ ರಸ್ತೆ

ವಾಶಿಯಲ್ಲಿ, ಮಸ್ಜಿದ್ ಬಂದರಿನಲ್ಲಿ, ಈಚೆಗೆ ನಮ್ಮವರ ಸಂಘದ ಸಭೆಯಲ್ಲೂ ಒಂದೇ ಮಾತು ಕೇಳುತ್ತಿದೆ: ದಕ್ಷಿಣ ಏಷ್ಯಾದ ಎಂಟು ದೇಶಗಳ ಕೂಟ ಸಾರ್ಕ್ ಮುಗಿಯಿತು, ಅದರ ಹಿಂದೆಯೇ ಆ ದೇಶಗಳ ಮುಕ್ತ ವ್ಯಾಪಾರ ಒಪ್ಪಂದ ಸಾಫ್ಟಾ ಕೂಡ ಹೋಯಿತು. ನಾನು ಕಸ್ಟಮ್ಸ್ ಬ್ರೋಕರ್. ನ್ಹಾವಾ ಶೇವಾ ಬಂದರಿನಲ್ಲಿ ಬೇರೆಯವರ ಸರಕನ್ನು ಬಿಡಿಸಿಕೊಡುವುದೇ ನನ್ನ ಹೊಟ್ಟೆಪಾಡು. ಹೋಯಿತು ಎನ್ನುವ ಆ ಒಪ್ಪಂದದಡಿ ಸರಕು ಯಾವ ದೇಶದ್ದೆಂದು ಹೇಳುವ ಪ್ರಮಾಣಪತ್ರ ಹಿಡಿದುಕೊಂಡು ಬರುವ ಆಮದುದಾರರು ನನ್ನ ಮೇಜಿನ ಮುಂದೆ ಇನ್ನೂ ಕುಳಿತುಕೊಳ್ಳುತ್ತಾರೆ. ಹಾಗಾಗಿ ಒಂದಿಷ್ಟು ಹಿನ್ನೆಲೆ ಹೇಳಿಬಿಡುತ್ತೇನೆ, ಆಮೇಲೆ ಜಗಳ ಆಡೋಣ.

ಸಾಫ್ಟಾ ಒಪ್ಪಂದಕ್ಕೆ ಸಹಿ ಬಿದ್ದದ್ದು 2004ರ ಜನವರಿ 6ರಂದು, ಇಸ್ಲಾಮಾಬಾದಿನ ಸಾರ್ಕ್ ಶೃಂಗಸಭೆಯಲ್ಲಿ. ಜಾರಿಗೆ ಬಂದದ್ದು 2006ರ ಜನವರಿ 1ರಿಂದ. ಅದಕ್ಕೂ ಹಿಂದೆ 1995ರಿಂದ ಸಾಪ್ಟಾ ಎಂಬ ಸಣ್ಣ ರಿಯಾಯಿತಿ ವ್ಯವಸ್ಥೆ ಇತ್ತು. ಹತ್ತು ವರ್ಷಗಳಲ್ಲಿ ಸುಂಕವನ್ನು ಶೇ 0ರಿಂದ 5ರ ಮಟ್ಟಕ್ಕೆ ಇಳಿಸುವುದು ಗುರಿ. ಆದರೆ ಪ್ರತಿ ದೇಶವೂ ತಾನು ರಿಯಾಯಿತಿ ಕೊಡಲೊಲ್ಲದ ಸರಕುಗಳ 'ಸೂಕ್ಷ್ಮ ಪಟ್ಟಿ' ಇಟ್ಟುಕೊಳ್ಳಬಹುದು, ಇಟ್ಟುಕೊಂಡವು, ಧಾರಾಳವಾಗಿ. ಭಾರತ ಮಾತ್ರ 2011ರ ನವೆಂಬರ್‌ನಲ್ಲಿ ಬಡ ಸದಸ್ಯ ದೇಶಗಳಿಗಾಗಿ ತನ್ನ ಪಟ್ಟಿಯನ್ನು 480ರಿಂದ 25ಕ್ಕೆ ಇಳಿಸಿತು. ಉಳಿದದ್ದು ಮದ್ಯ ಮತ್ತು ತಂಬಾಕು. ಬಾಂಗ್ಲಾದೇಶದ ಅಂಗಿ ನಮ್ಮಲ್ಲಿಗೆ ಸುಂಕವಿಲ್ಲದೆ ಬರುತ್ತಿರುವುದು ಅಂದಿನಿಂದ.

ಇನ್ನು ಹಾಳಾದ ಭಾಗ. ಸಾರ್ಕ್ ಶೃಂಗಸಭೆ ಕೊನೆಯ ಬಾರಿ ನಡೆದದ್ದು 2014ರಲ್ಲಿ, ಕಠ್ಮಂಡುವಿನಲ್ಲಿ. 2016ರ ಇಸ್ಲಾಮಾಬಾದ್ ಸಭೆ ಉರಿ ದಾಳಿಯ ನಂತರ ರದ್ದಾಯಿತು. 2019ರ ಫೆಬ್ರುವರಿಯಲ್ಲಿ ಪುಲ್ವಾಮಾ ನಂತರ ಪಾಕಿಸ್ತಾನದ ಸರಕಿಗೆ ಶೇ 200 ಸುಂಕ ಬಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಪಾಕಿಸ್ತಾನವೇ ವ್ಯಾಪಾರ ನಿಲ್ಲಿಸಿತು. ಪಹಲ್ಗಾಮ್ ದಾಳಿಯಾದ ಮೇಲೆ, 2025ರ ಮೇ 2ರಂದು, ಅಲ್ಲಿಂದ ನೇರವಾಗಿ ಅಥವಾ ಸುತ್ತುಬಳಸಿ ಬರುವ ಎಲ್ಲ ಸರಕಿಗೂ ನಿಷೇಧ ಬಂತು.

ಅದೇ ತಿಂಗಳ 17ರಂದು ಇನ್ನೊಂದು ಅಧಿಸೂಚನೆ. ಬಾಂಗ್ಲಾದೇಶದ ಸಿದ್ಧ ಉಡುಪು ಇನ್ನು ಮುಂದೆ ಯಾವ ಭೂಗಡಿಯಿಂದಲೂ ಒಳಬರುವಂತಿಲ್ಲ. ಕೋಲ್ಕತ್ತಾ ಅಥವಾ ನ್ಹಾವಾ ಶೇವಾ ಬಂದರಿಗೇ ಬರಬೇಕು. ಜೂನ್ 27ರಂದು ಸೆಣಬಿನ ಉತ್ಪನ್ನ ಮತ್ತು ನೇಯ್ದ ಬಟ್ಟೆಗಳ ಸರದಿ: ಅವುಗಳಿಗೆ ಕೋಲ್ಕತ್ತಾ ಕೂಡ ಇಲ್ಲ, ನ್ಹಾವಾ ಶೇವಾ ಒಂದೇ. ಬಂಗಾಳದ ಗಡಿಗೆ ಅಂಟಿಕೊಂಡಿರುವ ದೇಶದ ಗೋಣಿಬಟ್ಟೆ ಅರಬ್ಬಿ ಸಮುದ್ರಕ್ಕೆ ಬಂದು ಇಳಿಯಬೇಕು. ಮೂಲ ಆಮದು ಸುಂಕ ಮಾತ್ರ ಮೊದಲಿನಂತೆಯೇ ಸೊನ್ನೆ.

ನನ್ನ ಅಭಿಪ್ರಾಯ ಇಷ್ಟು: ಎಂಟು ದೇಶಗಳ ಈ ಕಾಗದವನ್ನು ನಂಬಿಕೊಂಡು ಕೂರುವುದು ವ್ಯರ್ಥ. ಬಾಂಗ್ಲಾದೇಶದೊಡನೆ ಒಂದು, ಶ್ರೀಲಂಕಾದೊಡನೆ ಒಂದು, ನೇಪಾಳದೊಡನೆ ಒಂದು ಎಂದು ಪ್ರತ್ಯೇಕವಾಗಿ, ಸರಕು ಎಲ್ಲಿ ಹುಟ್ಟಿತು ಎಂಬುದನ್ನು ಬಿಗಿಯಾಗಿ ಕೇಳುವ ಒಪ್ಪಂದ ಮಾಡಿಕೊಳ್ಳಬೇಕು, ಈಗಾಗಲೇ ಇರುವಲ್ಲಿ ಅದನ್ನೇ ಬಿಗಿ ಮಾಡಬೇಕು. ನಿಮ್ಮ ಅನುಭವ ಏನು?

ಶಿರಸಿ ಕಡೆಯವ, ಠಾಣೆ

ಬ್ರೋಕರ್ ರಾಯರೇ, ನೀವು 'ಪ್ರಮಾಣಪತ್ರ' ಎಂದು ಎರಡು ಸಾಲಿನಲ್ಲಿ ಹೇಳಿ ದಾಟಿದ್ದೀರಿ. ನಮ್ಮ ಊರಿನ ತೋಟಗಳನ್ನು ಹಿಂಡಿದ್ದು ಅದೇ ಕಾಗದ.

ಅಡಿಕೆಯ ಮೇಲೆ ಮೂಲ ಆಮದು ಸುಂಕ ಶೇ 100. ಇಂಡೋನೇಷ್ಯಾದಿಂದ ನೇರವಾಗಿ ತಂದರೆ ಯಾರಿಗೂ ಗಿಟ್ಟುವುದಿಲ್ಲ. ಅದೇ ಅಡಿಕೆಯನ್ನು ಕೊಲಂಬೊದಲ್ಲಿ ಇಳಿಸಿ, ಚೀಲ ಬದಲಿಸಿ, 'ಶ್ರೀಲಂಕಾದಲ್ಲಿ ಬೆಳೆದದ್ದು' ಎಂಬ ಕಾಗದ ಹಚ್ಚಿದರೆ ಸುಂಕ ಸೊನ್ನೆಗೆ ಅಥವಾ ಅದರ ಹತ್ತಿರಕ್ಕೆ ಇಳಿಯುತ್ತದೆ. ಕಾಳುಮೆಣಸಿನದೂ ಇದೇ ಕಥೆ. ನಮ್ಮಲ್ಲಿ ಅಡಿಕೆ ಮರಕ್ಕೇ ಮೆಣಸಿನ ಬಳ್ಳಿ ಹಬ್ಬಿಸುವುದರಿಂದ ಎರಡು ಏಟೂ ಒಂದೇ ತೋಟಕ್ಕೆ ಬೀಳುತ್ತವೆ. ಶ್ರೀಲಂಕಾದೊಡನೆ ಈಗಾಗಲೇ ಇರುವ ಪ್ರತ್ಯೇಕ ಒಪ್ಪಂದದಲ್ಲಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು, ಅದಕ್ಕಿಂತ ಹೆಚ್ಚಾದದ್ದು ಸಾಫ್ಟಾದಡಿ ಶೇ 8ಕ್ಕೆ. ವಿಯೆಟ್ನಾಂ ಮೆಣಸು ಆ ಬಾಗಿಲಿನಿಂದ ನುಗ್ಗುತ್ತಿದೆ ಎಂದು ಕೊಡಗಿನವರು ಕೂಗಿದ ಮೇಲೆಯೇ 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿಯಾಯಿತು. ಅಡಿಕೆಗೆ ಅದು 251 ಇದ್ದದ್ದು 2023ರ ಫೆಬ್ರುವರಿಯಲ್ಲಿ 351 ಆಯಿತು.

ಅದಕ್ಕೂ ಮೊದಲೇ, 2022ರಲ್ಲಿ, ಭೂತಾನಿನಿಂದ 17,000 ಟನ್ ಹಸಿ ಅಡಿಕೆಯನ್ನು ಆ ಕನಿಷ್ಠ ಬೆಲೆಯ ಷರತ್ತೂ ಇಲ್ಲದೆ ತರಿಸಲು ಅನುಮತಿ ಕೊಟ್ಟರು. ಎಲೆಚುಕ್ಕೆ ರೋಗದಿಂದ ತೋಟ ಒಣಗುತ್ತಿದ್ದ ಸಮಯ ಅದು. ನೆರೆಹೊರೆಯ ಸ್ನೇಹಕ್ಕೆ ಖರ್ಚು ಕೊಡುವವರು ಮಾತ್ರ ಪ್ರತಿ ಬಾರಿಯೂ ಮಲೆನಾಡಿನವರು. ನನ್ನನ್ನು ಕೇಳಿದರೆ ಸಾಫ್ಟಾದಿಂದ ಹೊರಬರಬೇಕು. ಪ್ರತ್ಯೇಕ ಒಪ್ಪಂದವೂ ಬೇಡ.

ದಾದರ್ ಜವಳಿ

ಅಣ್ಣ, ಹೊರಬರುವುದು ಸುಲಭ. ನಮ್ಮಂತಹವರ ಅಂಗಡಿಗೆ ಬಾಗಿಲು ಹಾಕಿಸಿ ಹೊರಬರಬೇಕು ಅಷ್ಟೇ.

ನನ್ನದು ಸಗಟು ವ್ಯಾಪಾರ. ಮಕ್ಕಳ ಉಡುಪು, ಗಂಡಸರ ಅಂಗಿ, ಪ್ಯಾಂಟು. ಒಂದು ಭಾಗ ಢಾಕಾದಿಂದ ಬರುತ್ತದೆ. ಮೊದಲು ಬೆನಾಪೋಲ್ ಗಡಿ ದಾಟಿ ಪೆಟ್ರಾಪೋಲಿನಲ್ಲಿ ಲಾರಿ ಬದಲಾಯಿಸಿಕೊಂಡು ರಸ್ತೆಯಲ್ಲೇ ಬರುತ್ತಿತ್ತು. ಸರಕು ಎಲ್ಲಿದೆ ಎಂದು ಚಾಲಕನಿಗೆ ಫೋನ್ ಮಾಡಿ ಕೇಳಬಹುದಿತ್ತು. ಈಗ ಚಟ್ಟಗ್ರಾಮದಿಂದ ಹಡಗು. ಅನೇಕ ಸಲ ಕೊಲಂಬೊದಲ್ಲಿ ಇನ್ನೊಂದು ಹಡಗಿಗೆ ಕಾಯುತ್ತದೆ. ದಿನಗಳ ಲೆಕ್ಕ ವಾರಗಳ ಲೆಕ್ಕವಾಯಿತು. ಗಣಪತಿ ಹಬ್ಬಕ್ಕೆ ಬೇಕಾದದ್ದು ದಸರಾಗೆ ಬಂದರೆ ಏನು ಮಾಡುವುದು? ಮುಂಬಯಿಯಲ್ಲಿ ಇರುವ ನಾನು ಸ್ವಲ್ಪ ಪುಣ್ಯವಂತ, ಬಂದರು ಪಕ್ಕದಲ್ಲೇ ಇದೆ. ಗುವಾಹಾಟಿಯ ವ್ಯಾಪಾರಿಯ ಗತಿ ಯೋಚಿಸಿ. ಗಡಿಯಾಚೆ ಹೊಲಿದ ಅಂಗಿ ಅವನಿಗೆ ಇಡೀ ದೇಶ ಸುತ್ತಿ ಬರಬೇಕು.

ಇದರಿಂದ ನಮ್ಮ ಗಿರಣಿಗಳಿಗೆ ಲಾಭವಾಯಿತು ಎನ್ನುವವರಿಗೂ ಒಂದು ಮಾತು. ಬಾಂಗ್ಲಾದವರು ಹೊಲಿಯುವ ಬಟ್ಟೆಯ ನೂಲಿನಲ್ಲಿ ದೊಡ್ಡ ಪಾಲು ನಮ್ಮದೇ. 2025ರ ಏಪ್ರಿಲ್‌ನಲ್ಲಿ ಅವರೂ ಭೂಗಡಿಯಿಂದ ನಮ್ಮ ನೂಲು ಬರುವುದನ್ನು ನಿಲ್ಲಿಸಿದರು. ಹಟಕ್ಕೆ ಹಟ. ನಷ್ಟ ಕೊಯಮತ್ತೂರಿಗೂ ಆಯಿತು, ನನಗೂ ಆಯಿತು.

ಸೋಲಾಪುರ ಮಗ್ಗ

ದಾದರಿನವರೇ, ನಿಮ್ಮ ನಷ್ಟದ ಬಗ್ಗೆ ಮರುಕವಿದೆ. ಆದರೆ ಸೊನ್ನೆ ಸುಂಕದ ಅಂಗಿಯ ಎದುರು ಸ್ಪರ್ಧಿಸಲು ನಮ್ಮ ಸಣ್ಣ ಹೊಲಿಗೆ ಘಟಕಗಳಿಗೆ ಯಾರು ಏನು ಕೊಟ್ಟರು? ಹೊರಗಿನ ಬೇರೆ ದೇಶದ ಉಡುಪಿಗೆ ಶೇ 20 ಸುಂಕ, ಢಾಕಾದ್ದಕ್ಕೆ ಸೊನ್ನೆ. ನಾವು ಕೇಳುತ್ತಿರುವುದು ದಾನವಲ್ಲ.

ಕಲಿನಾ ಅರ್ಥಶಾಸ್ತ್ರ

ನಾನು ಇಲ್ಲಿ ಎಲ್ಲರಿಗಿಂತ ಚಿಕ್ಕವಳು, ವ್ಯಾಪಾರದ ಅನುಭವವೂ ಇಲ್ಲ. ಪ್ರಬಂಧಕ್ಕಾಗಿ ಇದನ್ನೇ ಓದುತ್ತಿರುವುದರಿಂದ ಬರೆಯುತ್ತಿದ್ದೇನೆ.

ಉರಣ್ ರಸ್ತೆಯವರ ಪಟ್ಟಿ ಓದಿದರೆ ರಾಜಕೀಯವೇ ಸಾಫ್ಟಾವನ್ನು ಕೊಂದಿತು ಎನಿಸುತ್ತದೆ. ನನಗೆ ಅದು ಅರ್ಧ ಮಾತ್ರ ಸರಿ ಎನಿಸುತ್ತದೆ. ಎಲ್ಲವೂ ಚೆನ್ನಾಗಿದ್ದ ವರ್ಷಗಳಲ್ಲೂ ಇದು ಓಡಲಿಲ್ಲ. ವಿಶ್ವಬ್ಯಾಂಕ್ 2018ರಲ್ಲಿ ದಕ್ಷಿಣ ಏಷ್ಯಾದ ವ್ಯಾಪಾರದ ಬಗ್ಗೆ ಒಂದು ವರದಿ ತಂದಿತು. ಈ ದೇಶಗಳ ಒಟ್ಟು ವ್ಯಾಪಾರದಲ್ಲಿ ತಮ್ಮತಮ್ಮೊಳಗಿನದು ಸುಮಾರು ಶೇ 5. ಆಗ್ನೇಯ ಏಷ್ಯಾದ ಆಸಿಯಾನ್ ಕೂಟದಲ್ಲಿ ಅದು ಸುಮಾರು ನಾಲ್ಕನೇ ಒಂದು ಭಾಗ. ಆಗ ನಡೆಯುತ್ತಿದ್ದ ವ್ಯಾಪಾರ 2,300 ಕೋಟಿ ಡಾಲರ್. ಅಡ್ಡಿಗಳಿಲ್ಲದಿದ್ದರೆ 6,700 ಕೋಟಿ ಡಾಲರ್ ಆಗಬಹುದಿತ್ತು ಎಂಬುದು ಅವರ ಅಂದಾಜು.

ಅಡ್ಡಿ ಯಾವುದು ಎಂದು ನೋಡಿದರೆ ಎರಡು ಸಂಗತಿ ಎದ್ದು ಕಾಣುತ್ತವೆ. ಮೊದಲನೆಯದು ಸೂಕ್ಷ್ಮ ಪಟ್ಟಿ. ಪರಸ್ಪರ ವ್ಯಾಪಾರದ ಮೌಲ್ಯದಲ್ಲಿ ಮೂರನೇ ಒಂದಕ್ಕೂ ಹೆಚ್ಚು ಭಾಗ ಆ ಪಟ್ಟಿಗಳ ಒಳಗೇ ಉಳಿದುಕೊಂಡಿತು. ಅಂದರೆ ನಿಜವಾಗಿ ಕೊಂಡುಕೊಳ್ಳುವ ವಸ್ತುಗಳಿಗೆ ರಿಯಾಯಿತಿ ಇಲ್ಲ. ಎರಡನೆಯದು ಹಿಂಬಾಗಿಲ ಸುಂಕ. ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ ಆಮದು ಸುಂಕ ಇಳಿಸಿದಂತೆ ಮಾಡಿ, ನಿಯಂತ್ರಣ ಸುಂಕ, ಪೂರಕ ಸುಂಕ, ಸೆಸ್ ಎಂಬ ಬೇರೆ ಹೆಸರಿನಲ್ಲಿ ವಸೂಲು ಮಾಡುತ್ತವೆ. ಒಪ್ಪಂದ ಅವುಗಳನ್ನು ಮುಟ್ಟುವುದಿಲ್ಲ. ನಾವೂ ಹಿಂದೆ ಬಿದ್ದಿಲ್ಲ: ಬಾಂಗ್ಲಾ ಮತ್ತು ನೇಪಾಳದ ಸೆಣಬಿಗೆ ಸುಂಕವಿಲ್ಲ ಎಂದವರೇ 2017ರ ಜನವರಿಯಲ್ಲಿ ಸುರಿಕೆ ತಡೆ ಸುಂಕ (ತೀರಾ ಅಗ್ಗಕ್ಕೆ ಸರಕು ತಂದು ಸುರಿಯುವುದನ್ನು ತಡೆಯುವ ಹೆಚ್ಚುವರಿ ಸುಂಕ) ಹಾಕಿದೆವು, 2022ರ ಕೊನೆಯಲ್ಲಿ ಅದನ್ನು ಮತ್ತೆ ಐದು ವರ್ಷ ಮುಂದುವರಿಸಿದೆವು.

ಹೀಗಿರುವಾಗ ಒಂದೊಂದೇ ದೇಶದೊಡನೆ ಒಪ್ಪಂದ ಮಾಡಿಕೊಂಡರೆ ಈ ಚಾಳಿ ಹೇಗೆ ನಿಲ್ಲುತ್ತದೆ? ಇನ್ನೊಂದು ನಷ್ಟವೂ ಇದೆ. ಸಾಫ್ಟಾದಲ್ಲಿ ಹಲವು ಸದಸ್ಯ ದೇಶಗಳ ಪಾಲನ್ನು ಕೂಡಿಸಿ ಲೆಕ್ಕ ಹಾಕುವ ನಿಯಮವಿದೆ: ಒಟ್ಟು ಅರ್ಧ ಮೌಲ್ಯ ಈ ಪ್ರದೇಶದ್ದಾಗಿದ್ದು, ಕನಿಷ್ಠ ಶೇ 20 ರಫ್ತು ಮಾಡುವ ದೇಶದ್ದಾಗಿದ್ದರೆ ಸಾಕು. ದ್ವಿಪಕ್ಷೀಯ ಒಪ್ಪಂದಗಳಲ್ಲಿ ಮೂರನೆಯ ದೇಶದ ಪಾಲು ಹೊರಗೆ ಬೀಳುತ್ತದೆ. ದೊಡ್ಡ ದೇಶ ನಡುವೆ, ಚಿಕ್ಕವು ಸುತ್ತ, ಎಲ್ಲ ದಾರಿಯೂ ದೆಹಲಿಯ ಮೂಲಕವೇ. ನೆರೆಯವರಿಗೆ ಇದು ಹಿಡಿಸುತ್ತದೆಯೇ?

ಉರಣ್ ರಸ್ತೆ

ಚಿಕ್ಕವಳು ಎಂದು ಬರೆದು ಎಲ್ಲರಿಗಿಂತ ಗಟ್ಟಿ ಪ್ರಶ್ನೆ ಕೇಳಿದೆಯಮ್ಮ. ಹಿಂಬಾಗಿಲ ಸುಂಕದ ಮಾತು ನೂರಕ್ಕೆ ನೂರು ಸತ್ಯ. ಢಾಕಾಕ್ಕೆ ಸರಕು ಕಳಿಸುವ ನನ್ನ ಗಿರಾಕಿಗಳು ಅಲ್ಲಿ ಕಟ್ಟುವ ಮೊತ್ತದಲ್ಲಿ 'ಆಮದು ಸುಂಕ' ಎಂಬ ಹೆಸರಿನದು ಒಂದು ಸಾಲು. ಉಳಿದ ಸಾಲುಗಳೇ ಉದ್ದ.

ಕೂಡಿಸಿ ಲೆಕ್ಕ ಹಾಕುವ ನಿಯಮದ ಬಗ್ಗೆ ಮಾತ್ರ ಒಪ್ಪಲಾರೆ. ಪುಸ್ತಕದಲ್ಲಿ ಸೊಗಸಾಗಿದೆ. ಮೂರು ಸಾರ್ಕ್ ದೇಶಗಳ ಪಾಲನ್ನು ಕೂಡಿಸಿ ರಿಯಾಯಿತಿ ಕೇಳಿದ ಕಡತ ನನ್ನ ಕೈಗೆ ಬಂದ ನೆನಪಿಲ್ಲ. ನೂಲು ನಮ್ಮದು, ಹೊಲಿಗೆ ಅವರದು: ಅದು ಎರಡೇ ದೇಶ, ಅದಕ್ಕೆ ಎರಡು ದೇಶದ ಒಪ್ಪಂದ ಸಾಕು.

ಶಿರಸಿಯವರಿಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಸಿಟ್ಟು ಸರಿಯಾದದ್ದು, ಗುರಿ ತಪ್ಪಿದೆ. ಸಾಫ್ಟಾದ ಸಾಮಾನ್ಯ ನಿಯಮದ ಪ್ರಕಾರ ಹೊರಗಿನ ಕಚ್ಚಾ ವಸ್ತುವಿನಿಂದ ಮಾಡಿದ ಸರಕಿನ ನಾಲ್ಕಂಕಿ ಸುಂಕ ಶೀರ್ಷಿಕೆ (ಕಸ್ಟಮ್ಸ್ ಪಟ್ಟಿಯಲ್ಲಿ ಸರಕಿನ ವರ್ಗ ಸೂಚಿಸುವ ಸಂಖ್ಯೆ) ಬದಲಾಗಬೇಕು, ಜೊತೆಗೆ ಸ್ಥಳೀಯ ಮೌಲ್ಯ ಇಷ್ಟು ಇರಬೇಕು: ಭಾರತ, ಪಾಕಿಸ್ತಾನಕ್ಕೆ ಶೇ 40, ಶ್ರೀಲಂಕಾಕ್ಕೆ 35, ಬಡ ದೇಶಗಳಿಗೆ 30. ಕೆಲವು ಸರಕುಗಳಿಗೆ ಪ್ರತ್ಯೇಕ ನಿಯಮಗಳಿವೆ. ಈಗ ಅಡಿಕೆ ನೋಡಿ. ಇಡಿ ಅಡಿಕೆ, ಹೋಳು ಅಡಿಕೆ ಎರಡೂ ಒಂದೇ ಶೀರ್ಷಿಕೆ. ಇಂಡೋನೇಷ್ಯಾದ ಅಡಿಕೆಯನ್ನು ಕೊಲಂಬೊದಲ್ಲಿ ತೊಳೆದು, ಒಣಗಿಸಿ, ಒಡೆದರೂ ಅದು ಶ್ರೀಲಂಕಾದ್ದಾಗುವುದಿಲ್ಲ. ಅಂದರೆ ನಿಯಮ ಮೊದಲಿನಿಂದಲೂ ಬಾಗಿಲು ಹಾಕಿಯೇ ಇದೆ. ಸುಳ್ಳು ಕಾಗದ ಕೊಡುವವನೂ ಅದನ್ನು ಗೊತ್ತಿದ್ದೇ ತೆಗೆದುಕೊಳ್ಳುವವನೂ ಸೇರಿ ಕಿಟಕಿ ಮುರಿದಿದ್ದಾರೆ. ತೆಗೆದುಕೊಳ್ಳುವವನು ನಮ್ಮವನೇ, ಇಲ್ಲಿಯ ಆಮದುದಾರ.

ಇದಕ್ಕಾಗಿಯೇ 2020ರಲ್ಲಿ ಕಸ್ಟಮ್ಸ್ ಕಾಯ್ದೆಗೆ ಹೊಸ ಸೆಕ್ಷನ್ ಸೇರಿಸಿ, ಸೆಪ್ಟೆಂಬರ್ 21ರಿಂದ ಸರಕಿನ ಮೂಲ ಪರಿಶೀಲಿಸುವ ಕರೋಟಾರ್ ನಿಯಮಗಳನ್ನು ತಂದರು. ಈಗ ಪ್ರಮಾಣಪತ್ರ ತೋರಿಸಿದರೆ ಮುಗಿಯಲಿಲ್ಲ. ಸರಕು ಹೇಗೆ ತಯಾರಾಯಿತು, ಸ್ಥಳೀಯ ಮೌಲ್ಯ ಎಷ್ಟು, ಯಾವ ನಿಯಮದಡಿ ರಿಯಾಯಿತಿ ಕೇಳುತ್ತಿದ್ದೀರಿ ಎಂಬುದೆಲ್ಲ ಆಮದುದಾರನಿಗೇ ಗೊತ್ತಿರಬೇಕು, ಐದು ವರ್ಷ ದಾಖಲೆ ಇಟ್ಟಿರಬೇಕು. ಬಂದ ಹೊಸತರಲ್ಲಿ ನಾನೂ ಸೇರಿ ಎಲ್ಲರೂ ಬೈದುಕೊಂಡೆವು. ಆದರೆ ಅದರಿಂದ ಕಳ್ಳ ದಾರಿ ದುಬಾರಿಯಾಯಿತು, ಅದು ನಿಜ.

ಶಿರಸಿ ಕಡೆಯವ, ಠಾಣೆ

ದುಬಾರಿಯಾಗಿರಬಹುದು, ಮುಚ್ಚಿಲ್ಲ. ಶ್ರೀಲಂಕಾ ಬಿಗಿಯಾದರೆ ಮ್ಯಾನ್ಮಾರ್ ಗಡಿ, ಅದು ಬಿಗಿಯಾದರೆ ಇನ್ನೊಂದು. ಆ ಅಡಿಕೆ ನಾಗಪುರ ಸೇರಿಬಿಟ್ಟರೆ ಅದು ಯಾವ ಊರಿನದೆಂದು ಹೇಳುವವರು ಯಾರು? ಚಾಲಿ ಅಡಿಕೆ ಹಿಡಿದವನ ಕೈಗೆ ಗೊತ್ತಾಗುತ್ತದೆ, ಗುಟ್ಕಾ ಯಂತ್ರಕ್ಕೆ ಗೊತ್ತಾಗುವುದಿಲ್ಲ.

ಉರಣ್ ರಸ್ತೆ

ಮ್ಯಾನ್ಮಾರ್ ಸಾಫ್ಟಾದಲ್ಲಿಯೇ ಇಲ್ಲ ಎಂಬುದನ್ನು ಗಮನಿಸಿ. ನೀವು ಸಾಫ್ಟಾದಿಂದ ಹೊರಬಂದರೂ ಆ ಗಡಿಯ ಕಳ್ಳಸಾಗಣೆ ಹಾಗೆಯೇ ಇರುತ್ತದೆ.

ವಾಶಿ ಉಳ್ಳಾಗಡ್ಡಿ

ಎಲ್ಲರೂ ಒಳಗೆ ಬರುವ ಸರಕಿನ ಬಗ್ಗೆಯೇ ಮಾತನಾಡುತ್ತಿದ್ದೀರಿ. ಹೊರಗೆ ಹೋಗುವುದನ್ನೂ ನೋಡಿ ಸ್ವಾಮಿ. ನಾನು ವಿಜಯಪುರ ಕಡೆಯವನು, ಎಪಿಎಂಸಿಯ ಕಾಂದಾ-ಬಟಾಟಾ ಮಾರುಕಟ್ಟೆಯಲ್ಲಿ ಅಡತಿ ಇದೆ.

ಬಾಂಗ್ಲಾದೇಶ ವರ್ಷಗಟ್ಟಲೆ ನಮ್ಮ ಉಳ್ಳಾಗಡ್ಡಿಯ ಅತಿ ದೊಡ್ಡ ಗಿರಾಕಿಯಾಗಿತ್ತು. ಆ ಗಿರಾಕಿಗೆ ನಾವು ಮಾಡಿದ್ದೇನು? 2019ರ ಸೆಪ್ಟೆಂಬರ್ ಕೊನೆಗೆ ರಾತ್ರೋರಾತ್ರಿ ರಫ್ತು ನಿಷೇಧ. ಮರುವಾರವೇ ದೆಹಲಿಗೆ ಬಂದ ಆಗಿನ ಪ್ರಧಾನಿ ಶೇಖ್ ಹಸೀನಾ, ಮುಂಚೆಯೇ ತಿಳಿಸಿದ್ದರೆ ಬೇರೆ ಕಡೆಯಿಂದ ತರಿಸಿಕೊಳ್ಳುತ್ತಿದ್ದೆವು, ಈಗ ಅಡುಗೆಗೆ ಉಳ್ಳಾಗಡ್ಡಿ ಹಾಕಬೇಡ ಎಂದು ನಮ್ಮ ಅಡುಗೆಯವನಿಗೆ ಹೇಳಿದ್ದೇನೆ ಎಂದು ವ್ಯಾಪಾರಿಗಳ ಸಭೆಯಲ್ಲಿ ಹಾಸ್ಯ ಮಾಡಿದರು. ಸಭೆ ನಕ್ಕಿತು. 2020ರ ಸೆಪ್ಟೆಂಬರ್‌ನಲ್ಲಿ ಮತ್ತೆ ನಿಷೇಧ. 2023ರ ಆಗಸ್ಟ್‌ನಲ್ಲಿ ಶೇ 40 ರಫ್ತು ಸುಂಕ, ಡಿಸೆಂಬರ್‌ನಲ್ಲಿ ಪೂರ್ತಿ ನಿಷೇಧ. 2024ರ ಮೇ ತಿಂಗಳಲ್ಲಿ ತೆಗೆದರು, ಅದೂ ಕನಿಷ್ಠ ಬೆಲೆ ಮತ್ತು ಸುಂಕದ ಜೊತೆ. ಪೂರ್ತಿ ಸುಂಕ ಹೋದದ್ದು 2025ರ ಏಪ್ರಿಲ್ 1ಕ್ಕೆ. ಅಷ್ಟರಲ್ಲಿ ಅವರು ಪಾಕಿಸ್ತಾನ, ಚೀನಾ, ಈಜಿಪ್ಟ್ ಎಂದು ಬೇರೆ ಅಂಗಡಿಗಳ ದಾರಿ ಕಲಿತಿದ್ದರು. ತಮ್ಮ ಬೆಳೆ ಬಂದಾಗ ನಮಗೆ ಆಮದು ಪರವಾನಗಿ ಕೊಡುವುದನ್ನೂ ನಿಲ್ಲಿಸುತ್ತಾರೆ. ಅವರನ್ನು ದೂರುವ ಬಾಯಿ ನಮಗೆಲ್ಲಿದೆ?

ಈ ಯಾವ ಹೊಡೆತದಲ್ಲೂ ಸಾಫ್ಟಾ ಎಂಬ ಹೆಸರು ಯಾರ ಬಾಯಿಗೂ ಬರಲಿಲ್ಲ. ಒಪ್ಪಂದ ಯಾವುದೇ ಇರಲಿ, ಹೊಸದಾಗಲಿ ಹಳೆಯದಾಗಲಿ, ರಫ್ತು ನಿಲ್ಲಿಸುವುದಾದರೆ ಇಂತಿಷ್ಟು ದಿನ ಮುಂಚೆ ತಿಳಿಸಬೇಕು, ದಾರಿಯಲ್ಲಿರುವ ಸರಕನ್ನು ತಡೆಯಬಾರದು ಎಂಬ ಒಂದು ಸಾಲು ಅದರಲ್ಲಿ ಇರಲಿ. ಗಡಿಯಲ್ಲಿ ನಿಂತ ಲಾರಿಯಲ್ಲಿ ಉಳ್ಳಾಗಡ್ಡಿ ಮೊಳಕೆ ಬಿಡುವುದನ್ನು ಕಂಡವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

ಚೆಂಬೂರು ಅಕ್ಕ

ನಮ್ಮದು ಅಡುಗೆ ಗುತ್ತಿಗೆ, ಮದುವೆ ಮುಂಜಿ. ನನ್ನ ಪ್ರಶ್ನೆ ಒಂದೇ. ಎಣ್ಣೆ. 2024ರ ಸೆಪ್ಟೆಂಬರ್‌ನಲ್ಲಿ ಖಾದ್ಯ ತೈಲದ ಸುಂಕ ಒಂದೇ ಸಲ 20 ಶೇಕಡಾ ಅಂಶ ಏರಿತು, ಡಬ್ಬದ ಬೆಲೆಯೂ ಏರಿತು. ಆಗ ನೇಪಾಳದಿಂದ ಸುಂಕವಿಲ್ಲದ ಸೋಯಾ ಎಣ್ಣೆ ಬರುತ್ತಿದೆ ಎಂದು ಕೇಳಿದೆ. ನೇಪಾಳದಲ್ಲಿ ಅಷ್ಟು ಸೋಯಾ ಎಲ್ಲಿ ಬೆಳೆಯುತ್ತಾರೆ?

ಉರಣ್ ರಸ್ತೆ

ಬೆಳೆಯುವುದಿಲ್ಲ ಅಕ್ಕ. ಕಚ್ಚಾ ಎಣ್ಣೆಯನ್ನು ಹೊರದೇಶಗಳಿಂದ ತರಿಸುತ್ತಾರೆ, ಅದು ಬಹುಪಾಲು ನಮ್ಮ ಬಂದರು, ನಮ್ಮ ರಸ್ತೆಯಲ್ಲೇ ಅಲ್ಲಿಗೆ ಹೋಗುತ್ತದೆ. ಅಲ್ಲಿ ಶುದ್ಧೀಕರಿಸಿ ಸುಂಕವಿಲ್ಲದೆ ವಾಪಸು ಕಳಿಸುತ್ತಾರೆ. ನಮ್ಮ ಸುಂಕ ಏರಿದಷ್ಟೂ ಅವರಿಗೆ ಲಾಭ. ಅದು ಮುಖ್ಯವಾಗಿ ಬಿಹಾರ, ಉತ್ತರ ಪ್ರದೇಶ, ಬಂಗಾಳದಲ್ಲಿ ಖರ್ಚಾಗುವುದರಿಂದ ನಿಮ್ಮ ಡಬ್ಬದ ಬೆಲೆಗೆ ಅದರಿಂದ ಉಪಕಾರವಿಲ್ಲ. 2025ರ ಮೇ ಕೊನೆಗೆ ಕಚ್ಚಾ ಎಣ್ಣೆಯ ಮೂಲ ಸುಂಕವನ್ನು ಶೇ 20ರಿಂದ 10ಕ್ಕೆ ಇಳಿಸಿದ್ದಕ್ಕೆ ಒಂದು ಕಾರಣ, ನಮ್ಮ ಶುದ್ಧೀಕರಣ ಘಟಕಗಳಿಗೆ ಉಸಿರು ಬರಲಿ ಎಂಬುದು.

ಮಾಟುಂಗಾ ಹಿರಿಯ

ಬ್ಯಾಂಕಿನಿಂದ ನಿವೃತ್ತನಾಗಿ ಬಹಳ ವರ್ಷಗಳಾದವು. ನಿಮ್ಮ ಚರ್ಚೆ ಓದುತ್ತಾ ಒಂದು ಸಂಗತಿ ನೆನಪಾಯಿತು, ಕನ್ನಡಿಗರಿಗಾದರೂ ಗೊತ್ತಿರಲಿ. ಸಾರ್ಕ್ ಹುಟ್ಟಿದ್ದು 1985ರ ಡಿಸೆಂಬರ್‌ನಲ್ಲಿ ಢಾಕಾದಲ್ಲಿ. ಎರಡನೆಯ ಶೃಂಗಸಭೆ ನಡೆದದ್ದು ಮುಂದಿನ ವರ್ಷದ ನವೆಂಬರ್‌ನಲ್ಲಿ ನಮ್ಮ ಬೆಂಗಳೂರಿನಲ್ಲಿ. ಕಠ್ಮಂಡುವಿನಲ್ಲಿ ಕಾರ್ಯಾಲಯ ತೆರೆಯುವ ಒಪ್ಪಂದ ಆದದ್ದೂ ಅಲ್ಲಿಯೇ. ಆಗ ಪತ್ರಿಕೆಗಳಲ್ಲಿ ಎಷ್ಟು ಉತ್ಸಾಹವಿತ್ತು!

ಉರಣ್ ರಸ್ತೆಯವರು ಈ ಕಾಗದ ಬೇಡ ಎನ್ನುತ್ತಾರೆ. ನನಗೆ ಇದು ಅವಿಭಕ್ತ ಕುಟುಂಬದ ಜಂಟಿ ಪಹಣಿಯಂತೆ ಕಾಣುತ್ತದೆ. ಅಣ್ಣ ತಮ್ಮಂದಿರು ಮಾತು ಬಿಟ್ಟಿದ್ದಾರೆ, ಒಬ್ಬೊಬ್ಬರು ತಮಗೆ ಬೇಕಾದ ತುಂಡು ಉಳುತ್ತಿದ್ದಾರೆ, ಒಬ್ಬನಂತೂ ಬೇಲಿ ಹಾಕಿಕೊಂಡಿದ್ದಾನೆ. ಆದರೂ ಹೆಸರು ತೆಗೆಸಲು ಯಾರೂ ತಾಲ್ಲೂಕು ಕಚೇರಿಗೆ ಹೋಗುವುದಿಲ್ಲ. ಹೋಗಬಾರದು ಕೂಡ. ಒಮ್ಮೆ ತೆಗೆಸಿದರೆ ಮತ್ತೆ ಸೇರಿಸುವ ಮನಸ್ಸು ಯಾರಿಗೆ ಬರುತ್ತದೆ? 2025ರ ಜೂನ್‌ನಲ್ಲಿ ಚೀನಾದ ಕುನ್ಮಿಂಗಿನಲ್ಲಿ ಚೀನಾ, ಪಾಕಿಸ್ತಾನ, ಬಾಂಗ್ಲಾದೇಶದ ಅಧಿಕಾರಿಗಳು ಸೇರಿ ಮಾತನಾಡಿದ್ದನ್ನು ಓದಿದ್ದೀರಲ್ಲ. ನಾವು ಖಾಲಿ ಮಾಡಿದ ಕುರ್ಚಿ ಖಾಲಿಯಾಗಿ ಉಳಿಯುವುದಿಲ್ಲ.

ನಿರ್ವಾಹಕ

ಪಾಕಿಸ್ತಾನದ ಕುರಿತು ಬಂದ ಕೆಲವು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಬೈಗುಳಕ್ಕೆ ಬೇರೆ ಜಾಗ ಹುಡುಕಿಕೊಳ್ಳಿ. ಇಲ್ಲಿ ವ್ಯಾಪಾರ ಮಾತ್ರ.

ವಾಶಿ ಒಣಹಣ್ಣು

ವ್ಯಾಪಾರದ ಮಾತನ್ನೇ ಆಡುತ್ತೇನೆ ನಿರ್ವಾಹಕರೇ. ಉತ್ತುತ್ತೆ ಮತ್ತು ಸೈಂಧವ ಲವಣ, ಪಾಕಿಸ್ತಾನದಿಂದ ಬರುತ್ತಿದ್ದ ಮುಖ್ಯ ಸರಕುಗಳಲ್ಲಿ ಇವೆರಡು. ಶೇ 200 ಸುಂಕ ಬಿದ್ದ ಮೇಲೆ ಅದೇ ಉತ್ತುತ್ತೆ ದುಬೈ ಸುತ್ತಿಕೊಂಡು ಬರತೊಡಗಿತು. ನಿಷೇಧದ ನಂತರವೂ ನಿಲ್ಲಲಿಲ್ಲ: 2025ರ ಜೂನ್‌ನಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯದವರು 39 ಕಂಟೇನರ್, 1,115 ಟನ್ ಸರಕು ಹಿಡಿದರು. ಸುಮಾರು 9 ಕೋಟಿ ರೂಪಾಯಿಯದು. ಒಣ ಉತ್ತುತ್ತೆ ಸಿಕ್ಕಿದ್ದು ನಮ್ಮ ನ್ಹಾವಾ ಶೇವಾದಲ್ಲೇ.

ಅಫ್ಗಾನಿಸ್ತಾನದ ಅಂಜೂರ, ಒಣದ್ರಾಕ್ಷಿಯ ಕಷ್ಟ ಬೇರೆ. ಅದು ನಿಷೇಧಿತ ದೇಶವಲ್ಲ, 2007ರಿಂದ ಸಾರ್ಕ್ ಸದಸ್ಯ. ಆದರೆ ಲಾರಿ ಬರಬೇಕಾದದ್ದು ಪಾಕಿಸ್ತಾನದ ಮೂಲಕ, ಅಟ್ಟಾರಿ ಗೇಟಿಗೆ. 2025ರ ಏಪ್ರಿಲ್‌ನಲ್ಲಿ ಗೇಟು ಮುಚ್ಚಿದಾಗ ಸಿಕ್ಕಿಬಿದ್ದ ಲಾರಿಗಳಿಗೆ ಮೇ ತಿಂಗಳಲ್ಲಿ ವಿಶೇಷ ಅನುಮತಿ ಕೊಡಬೇಕಾಯಿತು. ನಕ್ಷೆಯಲ್ಲಿ ನಡುವೆ ಕುಳಿತವನ ಒಪ್ಪಿಗೆ ಇಲ್ಲದಿದ್ದರೆ ಅಂಚಿನವನೊಡನೆ ಮಾಡಿಕೊಂಡ ಒಪ್ಪಂದ ಏನು ಪ್ರಯೋಜನ? ಉರಣ್ ರಸ್ತೆಯವರ 'ಒಂದೊಂದೇ ದೇಶ' ಎಂಬ ಲೆಕ್ಕ ಇಲ್ಲಿ ಕೆಲಸ ಮಾಡುವುದಿಲ್ಲ.

ಉರಣ್ ರಸ್ತೆ

ಆ ಮಾತು ತೂಕದ್ದು. ಅಫ್ಗಾನ್ ಸರಕಿಗೆ ನನ್ನ ಬಳಿ ಉತ್ತರವಿಲ್ಲ. ಹಡಗಿನಲ್ಲಿ ಇರಾನಿನ ಚಾಬಹಾರ್ ಕಡೆಯಿಂದ ತರಬಹುದು, ವಿಮಾನದಲ್ಲಿ ತರಬಹುದು, ಎರಡೂ ದುಬಾರಿ.

ಹಿರಿಯರಿಗೆ: ಹೆಸರು ತೆಗೆಸಿ ಎಂದು ನಾನೂ ಹೇಳುತ್ತಿಲ್ಲ. ಹೊರಹೋಗಲು ಬರೆದು ಕೊಟ್ಟ ಆರು ತಿಂಗಳಿಗೆ ಅದು ಜಾರಿಯಾಗುತ್ತದೆ ಎಂದು ಒಪ್ಪಂದದಲ್ಲೇ ಇದೆ. ಯಾವ ದೇಶವೂ ಬರೆದು ಕೊಟ್ಟಿಲ್ಲ, ಕೊಡುವ ಅಗತ್ಯವೂ ಬಿದ್ದಿಲ್ಲ. ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಯಾವ ಕ್ರಮವನ್ನಾದರೂ ತೆಗೆದುಕೊಳ್ಳಲು ಅವಕಾಶ ಮೊದಲೇ ಇಟ್ಟುಕೊಂಡಿದ್ದಾರೆ. ನನ್ನ ವಾದ, ಆ ಹೆಸರನ್ನೇ ನೋಡುತ್ತಾ ಬೇರೆ ಕೆಲಸ ನಿಲ್ಲಿಸಬಾರದು ಎಂಬುದು. ಶ್ರೀಲಂಕಾದೊಡನೆ 2000ದಿಂದಲೇ ಪ್ರತ್ಯೇಕ ಒಪ್ಪಂದ ನಡೆಯುತ್ತಿದೆ. ನೇಪಾಳದೊಡನೆ ಇದೆ, ಭೂತಾನಿನೊಡನೆ ಇದೆ. 2024ರ ನವೆಂಬರ್‌ನಲ್ಲಿ ನೇಪಾಳದ ವಿದ್ಯುತ್ ನಮ್ಮ ತಂತಿಯ ಮೂಲಕ ಬಾಂಗ್ಲಾದೇಶಕ್ಕೆ ಹರಿಯಿತು, 40 ಮೆಗಾವಾಟ್. ಅದಕ್ಕೂ ಯಾವ ಶೃಂಗಸಭೆ ಬೇಕಾಗಲಿಲ್ಲ. ಮೂರು ದೇಶಗಳ ವಿದ್ಯುತ್ ಸಂಸ್ಥೆಗಳು ಕುಳಿತು ಸಹಿ ಮಾಡಿದವು. ಸುಂಕ ರಿಯಾಯಿತಿಯ ಪ್ರತ್ಯೇಕ ಒಪ್ಪಂದ ಇಲ್ಲದೆ ಬರಿಗೈಯಲ್ಲಿ ನಿಂತಿರುವುದು ಬಾಂಗ್ಲಾದೇಶವೇ, ದಕ್ಷಿಣ ಏಷ್ಯಾದಲ್ಲಿ ನಮ್ಮೊಡನೆ ಅತಿ ಹೆಚ್ಚು ವ್ಯಾಪಾರ ಇರುವ ದೇಶ.

ಕಲಿನಾ ಅರ್ಥಶಾಸ್ತ್ರ

ಬಂಗಾಳ ಕೊಲ್ಲಿಯ ಸುತ್ತಲಿನ ದೇಶಗಳ ಕೂಟ ಬಿಮ್‌ಸ್ಟೆಕ್ ಇದೆಯಲ್ಲ? ಪಾಕಿಸ್ತಾನವಿಲ್ಲ, ಬಾಂಗ್ಲಾ ಇದೆ, ಥಾಯ್ಲೆಂಡ್ ಕೂಡ ಇದೆ.

ಉರಣ್ ರಸ್ತೆ

ಮುಕ್ತ ವ್ಯಾಪಾರಕ್ಕೆ ಚೌಕಟ್ಟು ಒಪ್ಪಂದ ಆದದ್ದು 2004ರಲ್ಲಿ. ಇನ್ನೂ ಚೌಕಟ್ಟೇ ಇದೆ, ಚಿತ್ರ ಬಂದಿಲ್ಲ.

ದಾದರ್ ಜವಳಿ

ಚರ್ಚೆ ಎತ್ತರಕ್ಕೆ ಹೋಯಿತು, ನಾನು ನೆಲಕ್ಕೆ ಎಳೆಯುತ್ತೇನೆ, ಕ್ಷಮಿಸಿ. ಬಾಂಗ್ಲಾದೇಶ 'ಅತಿ ಹಿಂದುಳಿದ ದೇಶ' ಪಟ್ಟಿಯಿಂದ 2026ರ ನವೆಂಬರ್ 24ಕ್ಕೆ ಹೊರಬರಬೇಕೆಂದು ವಿಶ್ವಸಂಸ್ಥೆ ನಿಗದಿ ಮಾಡಿತ್ತು. ಮುಂದೂಡಿ ಎಂದು ಅಲ್ಲಿನ ಉಡುಪು ತಯಾರಕರು ಕೇಳುತ್ತಿದ್ದಾರಂತೆ. ಮುಂದೂಡಿಕೆ ಸಿಗಲಿ ಬಿಡಲಿ, ಪಟ್ಟಿಯಿಂದ ಹೊರಬಿದ್ದ ದಿನ ನನ್ನ ಸೊನ್ನೆ ಸುಂಕ ಏನಾಗುತ್ತದೆ?

ಉರಣ್ ರಸ್ತೆ

ಇಷ್ಟು ಹೊತ್ತು ಯಾರೂ ಕೇಳಲಿಲ್ಲವಲ್ಲ ಎಂದು ಕಾಯುತ್ತಿದ್ದೆ. ಸಾಫ್ಟಾದ ನಿಜವಾದ ಪರೀಕ್ಷೆ ಆ ದಿನವೇ.

ಯುರೋಪಿನವರು ಬಾಂಗ್ಲಾದೇಶಕ್ಕೆ ಮೂರು ವರ್ಷ ಹೆಚ್ಚಿಗೆ ಕಾಲಾವಕಾಶ ಕೊಡುವುದಾಗಿ ಹೇಳಿದ್ದಾರೆ. ಭಾರತದ ವಿಷಯದಲ್ಲಿ, 25 ಸರಕುಗಳ ಚಿಕ್ಕ ಪಟ್ಟಿ ಬಡ ದೇಶಗಳಿಗೆ ಮಾತ್ರ. ಉಳಿದವರಿಗೆ 614 ಸರಕುಗಳ ದೊಡ್ಡ ಪಟ್ಟಿ ಇದೆ. ನಿಮ್ಮ ಅಂಗಿಯ ಆರಂಕಿ ಸುಂಕ ಸಂಖ್ಯೆ ಆ ದೊಡ್ಡ ಪಟ್ಟಿಯಲ್ಲಿದ್ದರೆ, ಹೊಸ ಅಧಿಸೂಚನೆ ಬರದಿದ್ದರೆ, ಮಾಮೂಲಿ ಶೇ 20. ನೇಪಾಳಕ್ಕೂ ಅದೇ ದಿನಾಂಕ ನಿಗದಿಯಾಗಿತ್ತು, ಆದರೆ ಅದಕ್ಕೆ ಬೇರೆ ಒಪ್ಪಂದದ ಆಸರೆ ಇದೆ. ಮಾಲ್ಡೀವ್ಸ್ 2011ರಲ್ಲೇ ಪಟ್ಟಿಯಿಂದ ಹೊರಬಂದರೂ ಅದಕ್ಕೆ ರಿಯಾಯಿತಿ ಮುಂದುವರಿಯಲಿ ಎಂದು ಸಾಫ್ಟಾದಲ್ಲೇ ಬರೆದಿಟ್ಟಿದ್ದರು. ಬಾಂಗ್ಲಾದೇಶಕ್ಕಾಗಿ ಅಂಥ ಸಾಲಿಲ್ಲ. ಸೇರಿಸಬೇಕೆಂದರೆ ಎಲ್ಲ ಸದಸ್ಯರೂ ಒಂದು ಮೇಜಿಗೆ ಬರಬೇಕು, ಬರುವುದಿಲ್ಲ. ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದಕ್ಕೆ ಎರಡೂ ದೇಶಗಳು ಸೇರಿ ಮಾಡಿದ ಅಧ್ಯಯನ 2022ರಲ್ಲೇ ಮುಗಿದಿದೆ, ಅದರ ಮೇಲೆ ಧೂಳು ಕೂತಿದೆ. ನಾನು ಮೊದಲಿನಿಂದ ಹೇಳುತ್ತಿರುವುದು ಈ ಕಾರಣಕ್ಕೆ.

ನಿಮ್ಮ ಸರಕಿಗೆ ಸಂಬಂಧಿಸಿ ಮೂರು ಮಾತು. ಸುಂಕದ ದರ ನಿರ್ಧಾರವಾಗುವುದು ನೀವು ಆರ್ಡರ್ ಕೊಟ್ಟ ದಿನದಿಂದಲೂ ಅಲ್ಲ, ಚಟ್ಟಗ್ರಾಮದಲ್ಲಿ ಹಡಗು ಹೊರಟ ದಿನದಿಂದಲೂ ಅಲ್ಲ. ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ) ಸಲ್ಲಿಸಿದ ದಿನದ ದರ; ಹಡಗಿಗೆ ಮುಂಚೆಯೇ ಸಲ್ಲಿಸಿದ್ದರೆ ಹಡಗಿಗೆ ಒಳಪ್ರವೇಶ ಸಿಕ್ಕ ದಿನದ ದರ. ಮೊದಲೇ ಸಲ್ಲಿಸಿಬಿಟ್ಟರೆ ಹಳೆಯ ದರ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೊಲಂಬೊದಲ್ಲಿ ಕಂಟೇನರ್ ನಿಂತು ತಡವಾದರೆ ಆ ತಡದ ಬೆಲೆ ನಿಮ್ಮದೇ.

ದಾದರ್ ಜವಳಿ

ಹಾಗಾದರೆ ಆ ಸಾಲಿನ ಚಳಿಗಾಲದ ಸರಕು ಸೆಪ್ಟೆಂಬರ್ ಒಳಗೆ ಹಡಗು ಹತ್ತಲೇಬೇಕು. ಬ್ಯಾಂಕಿನವರಿಗೆ ಈ ಲೆಕ್ಕ ಅರ್ಥವಾಗುವಂತೆ ಬರೆದು ಕೊಡುತ್ತೀರಾ?

ಸೋಲಾಪುರ ಮಗ್ಗ

ಶೇ 20 ಬಂದರೆ ನಮ್ಮ ಕಡೆ ಬನ್ನಿ. ಮಕ್ಕಳ ಉಡುಪು ನಾವೂ ಹೊಲಿಯುತ್ತೇವೆ. ಮಾದರಿ ಕಳಿಸಲೇ?

ದಾದರ್ ಜವಳಿ

ಕಳಿಸಿ. ದರವನ್ನೂ ಜೊತೆಗೇ ಬರೆಯಿರಿ, ಆಮೇಲೆ ಮಾತಾಡೋಣ.